ಲ್ಯಾಟಿನ್ ಸೂಕ್ತಿಗಳೂ ಇಂಗ್ಲಿಷು ಅರ್ಥಗಳೂ

ನಮ್ಮ ಸಂಘದ ಕಳೆದ ತಿಂಗಳ ಸಭೆಯಲ್ಲಿ ಮಾನ್ಯ ಸದಸ್ಯರೊಬ್ಬರು ಒಂದು ಸೂಚನೆಯನ್ನು ಮಂಡಿಸಿದರು. ಇಂಗ್ಲಿಷು ಅರ್ಥಸಹಿತವಾದ ಲ್ಯಾಟಿನ್ ಗಾದೆಗಳ ಪಟ್ಟಿಗಳು ಈಗ ಬೇಕಾದಷ್ಟು ದೊರೆಯುತ್ತವೆ. ಅವುಗಳಿಂದ ಇನ್ನೂರನ್ನು ಆಯ್ದು, ಆ ಇಂಗ್ಲಿಷು ಅರ್ಥವನ್ನು ಕನ್ನಡಿಸಿ, ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿ ಜಿಲ್ಲೆಯ ಶಾಲೆಗಳಿಗೆ ಹಂಚಬೇಕು. ಅದರಿಂದ ಮಕ್ಕಳ ಭಾಷಣಕ್ಕೂ ಪ್ರಬಂಧಕ್ಕೂ ಒಂದು ಮೆರುಗು ಬರುವುದು, ಎಂಬುದು ಅವರ ಅಭಿಪ್ರಾಯ. ಸಭೆಯಲ್ಲಿ ಹಲವರು ತಲೆದೂಗಿದರು. ಸಭಾಮರ್ಯಾದೆಗಾಗಿ ನಾನು ಅಂದು ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ಆ ಮೌನವು ತಪ್ಪಾಯಿತೆಂದು ತೋರಿತು. ಮುಂದಿನ ಸಭೆಯಲ್ಲಿ ಈ ಸೂಚನೆಯು ನಿರ್ಣಯಕ್ಕೆ ಬರುವುದರಿಂದ, ಅದಕ್ಕೆ ಮೊದಲೇ ನನ್ನ ಆಕ್ಷೇಪವನ್ನು ವಾಚಕ ಮಹಾಶಯರ ಮುಂದಿಡುವುದು ನ್ಯಾಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಪಾಠಶಾಲೆಯಲ್ಲಿ ಓದಿದವನೆಂದೂ ಆದುದರಿಂದ ಪರಭಾಷೆಯ ಗಾಳಿಯನ್ನೇ ಸಹಿಸಲಾರೆನೆಂದೂ ಕೆಲವರು ಊಹಿಸಬಹುದು. ಅದು ಹಾಗಲ್ಲ. ಉದ್ಯೋಗದಿಂದ ನಿವೃತ್ತನಾದ ಮೇಲೆ ನಾನು ತರಿಸಿಕೊಂಡ ಮೊದಲನೆಯ ಪುಸ್ತಕವೇ ಒಂದು ಲ್ಯಾಟಿನ್ ವ್ಯಾಕರಣ. ವಿಭಕ್ತಿ, ಲಿಂಗ, ವಚನ, ಲಕಾರಗಳೆಂದರೆ ಬಾಲ್ಯದಿಂದ ಪರಿಚಯವಿದ್ದ ನನಗೆ ಅದು ಪರದೇಶವೆನಿಸಲಿಲ್ಲ; ದೂರದ ಊರಿನಲ್ಲಿ ನೆಲೆಸಿದ ದಾಯಾದಿಗಳ ಮನೆಯನ್ನು ಹೊಕ್ಕಂತಾಯಿತು. ಸಂಸ್ಕೃತ, ಗ್ರೀಕು, ಲ್ಯಾಟಿನುಗಳು ಒಂದೇ ಮೂಲದಿಂದ ಹೊರಟಿರಬೇಕೆಂದು ವಿಲಿಯಂ ಜೋನ್ಸನು 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದನ್ನು ಎಲ್ಲರೂ ಬಲ್ಲರು. ಅದರ ರುಚಿ ನನಗೆ ಆಗ ತಿಳಿಯಿತು. ಆದುದರಿಂದ ನನ್ನ ಜಗಳವು ಲ್ಯಾಟಿನ್ನಿನ ಸಂಗಡವಲ್ಲ. ತಲೆಯಿಲ್ಲದೆ ಬಾಲವಿಲ್ಲದೆ ಕತ್ತರಿಸಿದ ಮಾತುಗಳನ್ನು, ಇಂಗ್ಲಿಷಿನ ಸೋರುವ ಪಾತ್ರೆಯಿಂದ ಕನ್ನಡದ ಪಾತ್ರೆಗೆ ಸುರಿದುಕೊಂಡು, ಇದೇ ರೋಮಕರ ವಿವೇಕವೆಂದು ಮಕ್ಕಳಿಗೆ ಕುಡಿಸುವ ಪದ್ಧತಿಯ ಸಂಗಡ.

ಈ ಪದ್ಧತಿಯ ಕೇಡನ್ನು ನಾನು ಪುಸ್ತಕದಿಂದ ತಿಳಿದವನಲ್ಲ. ನಾನೇ ಅದನ್ನು ಮಾಡಿದವನು. ನಾನು ಕೆಲಸಮಾಡುತ್ತಿದ್ದ ಒಂದು ಶಾಲೆಯ ಗೋಡೆಯ ಮೇಲೆ ಸೂಕ್ತಿಗಳನ್ನು ಬರೆಯಿಸುವ ಕೆಲಸವು ನನ್ನ ಪಾಲಿಗೆ ಬಂದಿತ್ತು. 'ಮೆನ್ಸ್ ಸಾನಾ ಇನ್ ಕಾರ್ಪೊರೆ ಸಾನೋ' ಎಂಬುದನ್ನು ಯಾವುದೋ ಇಂಗ್ಲಿಷು ಪಟ್ಟಿಯಿಂದ ತೆಗೆದು, 'ಆರೋಗ್ಯವಾದ ದೇಹದಲ್ಲಿಯೇ ಆರೋಗ್ಯವಾದ ಮನಸ್ಸು ಇರುವುದು' ಎಂದು ಕನ್ನಡಿಸಿ, ನೀಲಿಯ ಅಕ್ಷರದಲ್ಲಿ ಬರೆಯಿಸಿದೆ. ವ್ಯಾಯಾಮದ ಮಹಿಮೆಯನ್ನು ಕುರಿತು ತರಗತಿಯಲ್ಲಿ ಒಂದು ಉಪನ್ಯಾಸವನ್ನೂ ಮಾಡಿದೆ. ಆ ತರಗತಿಯಲ್ಲಿ ಪೋಲಿಯೋ ರೋಗದಿಂದ ಒಂದು ಕಾಲು ಸೊರಗಿದ್ದ ಹುಡುಗನೊಬ್ಬನಿದ್ದನು. ಗಣಿತದಲ್ಲಿ ಅವನ ಸಮಕ್ಕೆ ಬರುವವರು ಆ ಊರಿನಲ್ಲಿ ಇರಲಿಲ್ಲ. ಪಾಠ ಮುಗಿದ ಮೇಲೆ ಅವನು ಮೇಜಿನ ಬಳಿಗೆ ಬಂದು, "ಮೇಷ್ಟ್ರೇ, ಹಾಗಾದರೆ ನನ್ನ ಮನಸ್ಸೂ ಕುಂಟೇ?" ಎಂದು ಕೇಳಿದನು. ನಾನು ಏನೋ ಸಮಾಧಾನವನ್ನು ಹೇಳಿದೆ. ಉತ್ತರವನ್ನು ಹೇಳಲಿಲ್ಲ, ಏಕೆಂದರೆ ನನ್ನಲ್ಲಿ ಉತ್ತರವಿರಲಿಲ್ಲ. ಗೋಡೆಯ ಬರೆಹವು ಹಾಗೆಯೇ ಉಳಿಯಿತು. ಅವನು ಏಳನೆಯ ತರಗತಿಯಾದ ಮೇಲೆ ಶಾಲೆಯನ್ನು ಬಿಟ್ಟನು.

ಇಪ್ಪತ್ತು ವರ್ಷಗಳ ತರುವಾಯ ಆ ಮಾತಿನ ಮೂಲವನ್ನು ನಾನು ನೋಡಿದೆ. ಅದು ಜುವೆನಲ್ ಎಂಬ ರೋಮಕ ಕವಿಯ ಹತ್ತನೆಯ ವಿಡಂಬನಕಾವ್ಯದಲ್ಲಿದೆ. ಮನುಷ್ಯರು ದೇವರಲ್ಲಿ ಬೇಡುವ ಬೇಡಿಕೆಗಳೆಲ್ಲ ಎಷ್ಟು ಮೂಢವಾದುವೆಂಬುದು ಅಲ್ಲಿಯ ವಸ್ತು. ಅಧಿಕಾರವನ್ನು ಬೇಡಿದವನು ಅಧಿಕಾರದಿಂದಲೇ ಕೆಟ್ಟನು. ವಾಗ್ಮಿತೆಯನ್ನು ಬೇಡಿದವನು ನಾಲಗೆಯಿಂದಲೇ ಸತ್ತನು. ದೀರ್ಘಾಯುಷ್ಯವೂ ಸೌಂದರ್ಯವೂ ಅಂತೆಯೇ. ಬೇಡಲೇಬೇಕೆಂದಿದ್ದರೆ, ಸ್ವಸ್ಥವಾದ ದೇಹದಲ್ಲಿ ಸ್ವಸ್ಥವಾದ ಮನಸ್ಸು ಇರಲಿ ಎಂದು ಬೇಡಿಕೊ, ಎಂದು ಕವಿಯು ಮುಗಿಸುತ್ತಾನೆ. ಇದು ಪ್ರಾರ್ಥನೆ, ಸಿದ್ಧಾಂತವಲ್ಲ. ದೇಹವು ಕೆಟ್ಟರೆ ಮನಸ್ಸು ಕೆಡುವುದೆಂದು ಅವನು ಹೇಳಲಿಲ್ಲ. ಎರಡೂ ಸುಲಭವಾಗಿ ಒಂದೆಡೆ ದೊರೆಯವೆಂಬುದರಿಂದಲೇ ಅದನ್ನು ಬೇಡಬೇಕಾಯಿತು. ಮೂಲದಲ್ಲಿ ಈ ಮಾತುಗಳ ಹಿಂದೆ 'ಸಿತ್' ಎಂಬ ಒಂದು ಕ್ರಿಯಾಪದವಿದೆ. ಹಳೆಯ ಲ್ಯಾಟಿನ್ನಿನಲ್ಲಿ ಅದರ ರೂಪವು 'ಸಿಯೆತ್'. ಸಂಸ್ಕೃತವನ್ನು ಒಂದು ವರ್ಷ ಓದಿದ ಬಾಲಕನೂ ಇದನ್ನು ಗುರುತಿಸಬಲ್ಲನು: ಇದು ನಮ್ಮ 'ಸ್ಯಾತ್' ಎಂಬುದರ ಒಡಹುಟ್ಟು, 'ಇರಲಿ' ಎಂಬ ಅರ್ಥದ ಲಿಙ್ ರೂಪ. ಪಟ್ಟಿಯನ್ನು ಮಾಡಿದವನು ಈ ಒಂದು ಪದವನ್ನು ಕತ್ತರಿಸಿ ಎಸೆದನು. 'ಇರಲಿ' ಎಂಬುದು 'ಇದೆ' ಎಂದಾಯಿತು. ನಾನು ಅದಕ್ಕೊಂದು 'ಯೇ' ಎಂಬ ಅವಧಾರಣೆಯನ್ನು ಸೇರಿಸಿ, 'ದೇಹದಲ್ಲಿಯೇ' ಎಂದು ಮಾಡಿದೆ. ಮೂರು ಅಕ್ಷರಗಳ ಒಂದು ಕ್ರಿಯಾಪದವು ಹೋದುದರಿಂದ ಒಂದು ಮಗುವಿನ ಮುಖವು ಬಾಡಿತು. ಇನ್ನು ಇಂತಹ ಇನ್ನೂರನ್ನು ಅಚ್ಚುಹಾಕಿಸಿ ಶಾಲೆಶಾಲೆಗೆ ಕಳುಹಬೇಕೆಂದು ನಮ್ಮ ಮಿತ್ರರ ಸೂಚನೆ!

ಇದೊಂದು ಅಪೂರ್ವವಾದ ಉದಾಹರಣೆಯೆಂದು ಯಾರೂ ತಿಳಿಯಬಾರದು. 'ವಾಕ್ಸ್ ಪಾಪ್ಯುಲಿ, ವಾಕ್ಸ್ ಡೀಯಿ' ಎಂಬುದು ಚುನಾವಣೆಯ ಕಾಲ ಬಂದಿತೆಂದರೆ ಎಲ್ಲ ವೇದಿಕೆಗಳಲ್ಲಿಯೂ ಮೊಳಗುತ್ತದೆ. 'ಜನವಾಣಿಯೇ ದೇವವಾಣಿ' ಎಂದು ಅದರ ಕನ್ನಡ. ವಾಕ್ಸ್ ಎಂಬುದು ನಮ್ಮ ವಾಕ್ಕೇ ಸರಿ. ಡೀಯಿ ಎಂಬುದು ನಮ್ಮ ದೇವಶಬ್ದದ ಸೋದರನೇ ಸರಿ. ಪದಗಳಲ್ಲಿ ತಪ್ಪಿಲ್ಲ. ಆದರೆ ಈ ಮಾತು ಪ್ರಸಿದ್ಧವಾಗಿ ಕಾಣುವುದೆಲ್ಲಿ? ಕ್ರಿ. ಶ. 798ರ ಸುಮಾರಿನಲ್ಲಿ ಆಲ್ಕ್ವಿನ್ ಎಂಬ ವಿದ್ವಾಂಸನು ಷಾರ್ಲಮೇನ್ ದೊರೆಗೆ ಬರೆದ ಕಾಗದದಲ್ಲಿ. ಅಲ್ಲಿ ಅವನು ಹೇಳುವುದೇನೆಂದರೆ, ಹೀಗೆ ಹೇಳುವವರ ಮಾತನ್ನು ಕೇಳಬೇಡ. ಗುಂಪಿನ ಗದ್ದಲವು ಯಾವಾಗಲೂ ಹುಚ್ಚಿಗೆ ಹತ್ತಿರವಾದುದು, ಎಂದು. ಆಲ್ಕ್ವಿನ್ನನ ಅಭಿಪ್ರಾಯವನ್ನು ನಾವು ಒಪ್ಪಬೇಕಾಗಿಲ್ಲ. ಪ್ರಜಾಪ್ರಭುತ್ವದಲ್ಲಿ ಬಾಳುವ ನಾನೂ ಅದನ್ನು ಒಪ್ಪುವವನಲ್ಲ. ಆದರೆ ಪೂರ್ವಪಕ್ಷವನ್ನು ಸಿದ್ಧಾಂತವೆಂದು ಓದುವವನಿಗೆ ನಮ್ಮ ಪಾಠಶಾಲೆಯಲ್ಲಿ ಏನಾಗುತ್ತಿತ್ತೆಂಬುದನ್ನು ಅಲ್ಲಿ ಓದಿದವರು ಬಲ್ಲರು. ಖಂಡಿಸುವುದಕ್ಕಾಗಿ ಎತ್ತಿಕೊಂಡ ಮಾತನ್ನು ಮಂಡನವೆಂದು ಸಾವಿರ ಜನರ ಮುಂದೆ ಹೇಳುವುದು ವಿದ್ಯೆಯಲ್ಲ.

ಇಂಗ್ಲಿಷಿನ ದಾರಿಯಲ್ಲಿ ಬಂದುದರಿಂದಲೇ ಕೆಟ್ಟ ಮಾತುಗಳೂ ಇವೆ. ಹೊರೇಸನ 'ಕಾರ್ಪೆ ಡೀಯೆಮ್' ಎಂಬುದಕ್ಕೆ ಇಂಗ್ಲಿಷಿನವರು 'ದಿನವನ್ನು ಹಿಡಿದುಕೊ' ಎಂಬರ್ಥವನ್ನು ಮಾಡಿದರು. ಅದನ್ನು ನೋಡಿ ನಮ್ಮವರು 'ದಿನವನ್ನು ವಶಪಡಿಸಿಕೊ' ಎಂದರು. ದಿನವೆಂಬುದು ಶತ್ರುವಿನ ಕೋಟೆಯೋ ಎಂಬಂತೆ! ಆ ಕ್ರಿಯಾಪದದ ಅರ್ಥವು ಕೊಯ್ಯುವುದು, ಹಣ್ಣನ್ನೋ ಹೂವನ್ನೋ ಬಿಡಿಸಿಕೊಳ್ಳುವುದು. ಜೋಯಿಸರ ಲೆಕ್ಕಾಚಾರವನ್ನು ಕೇಳುತ್ತ ಕೂರಬೇಡ, ದೂರದ ಆಸೆಯನ್ನು ಬಳ್ಳಿಯಂತೆ ಸವರಿ ಹಾಕು, ಎಂದು ಕವಿಯು ಒಬ್ಬ ಹೆಣ್ಣುಮಗಳಿಗೆ ಮೃದುವಾಗಿ ಹೇಳುವಾಗ ಬರುವ ಮಾತು ಅದು. ಕೈತೋಟವಿರುವ ಮನೆಯ ಯಾವ ಗೃಹಿಣಿಯೂ 'ದಿನವನ್ನು ಕೊಯ್ದುಕೊ' ಎಂದರೆ ತಟ್ಟನೆ ತಿಳಿಯಬಲ್ಲಳು. ಮಾಗಿದುದನ್ನು ಮಾಗಿದಾಗಲೇ ಬಿಡಿಸಿಕೊಳ್ಳಬೇಕು. ಜಗ್ಗಿ ಎಳೆದರೆ ಬಳ್ಳಿಯೇ ಹರಿಯುವುದು. ಹಾಗೆಯೇ 'ಆರ್ಸ್ ಲಾಂಗಾ, ವೀಟಾ ಬ್ರೆವಿಸ್' ಎಂಬುದನ್ನು 'ಕಲೆಯು ಶಾಶ್ವತ, ಬಾಳು ಕ್ಷಣಿಕ' ಎಂದು ನಾಟಕಮಂದಿರಗಳಲ್ಲಿ ಹೇಳುವರು. ಇದು ಮೊದಲು ಲ್ಯಾಟಿನ್ನೇ ಅಲ್ಲ. ಗ್ರೀಸಿನ ವೈದ್ಯ ಹಿಪ್ಪೊಕ್ರಟೀಸನ ಹೆಸರಿನಲ್ಲಿರುವ ವೈದ್ಯಸೂತ್ರಗಳ ಮೊದಲನೆಯ ಸೂತ್ರದ ಮಾತು. ಅಲ್ಲಿ 'ಕಲೆ'ಯೆಂದರೆ ಚಿತ್ರವೂ ಅಲ್ಲ, ಸಂಗೀತವೂ ಅಲ್ಲ, ವೈದ್ಯವಿದ್ಯೆ. ಕಲಿಯಬೇಕಾದ ವಿದ್ಯೆಯು ಬಹಳ, ಕಲಿಯುವ ಆಯುಷ್ಯವು ಅಲ್ಪ, ಆದುದರಿಂದ ಎಚ್ಚರಿಕೆಯಿಂದ ನಡೆ, ಎಂದು ಶಿಷ್ಯನಿಗೆ ಹೇಳಿದುದು. ವಿನಯದ ಮಾತು ಹೆಮ್ಮೆಯ ಮಾತಾಗಿಹೋಯಿತು.

ಇನ್ನೊಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇದು ತರ್ಕವನ್ನೇ ಕೆಡಿಸುತ್ತದೆ. 'ಎಕ್ಸೆಪ್ಷಿಯೊ ಪ್ರಾಬಾಟ್ ರೆಗ್ಯುಲಮ್': 'ಅಪವಾದವು ನಿಯಮವನ್ನು ಸಾಧಿಸುತ್ತದೆ' ಎಂದು ನಮ್ಮ ಪತ್ರಿಕೆಗಳೂ ಬರೆಯುವುವು. ವಾದದಲ್ಲಿ ಸೋಲುತ್ತಿರುವವನಿಗೆ ಇದಕ್ಕಿಂತ ಒಳ್ಳೆಯ ಗುರಾಣಿಯಿಲ್ಲ. ಕಾಗೆಗಳೆಲ್ಲ ಕಪ್ಪೆಂದು ಅವನೆನ್ನುವನು. ನೀವು ಒಂದು ಬಿಳಿಯ ಕಾಗೆಯನ್ನು ತಂದು ತೋರಿಸುವಿರಿ. ಅಪವಾದವೇ ನಿಯಮಕ್ಕೆ ಸಾಕ್ಷಿಯೆಂದು ಅವನು ನಗುವನು. ಆದರೆ ಮೂಲದಲ್ಲಿ ಆ ಮಾತಿಗೆ ಬಾಲವುಂಟು: 'ಇನ್ ಕೇಸಿಬಸ್ ನಾನ್ ಎಕ್ಸೆಪ್ಟಿಸ್', ಎಂದರೆ, 'ಹೊರತುಪಡಿಸದಿರುವ ಸಂದರ್ಭಗಳಲ್ಲಿ'. ಇದು ಶಾಸನವಾಕ್ಯಗಳಿಗೆ ಅರ್ಥಮಾಡುವ ಒಂದು ನ್ಯಾಯ. ಕ್ರಿ. ಪೂ. 56ರಲ್ಲಿ ಬಾಲ್ಬಸನೆಂಬವನ ಪರವಾಗಿ ವಾದಿಸುತ್ತ ಸಿಸೆರೋ ಇದೇ ಯುಕ್ತಿಯನ್ನು ಹೂಡಿದನು. 'ಭಾನುವಾರ ಈ ಬಾಗಿಲಿನಿಂದ ಪ್ರವೇಶವುಂಟು' ಎಂದು ಫಲಕವನ್ನು ಹಾಕಿದರೆ, ಉಳಿದ ಆರು ದಿನ ಪ್ರವೇಶವಿಲ್ಲವೆಂಬ ನಿಯಮವು ಬರೆಯದಿದ್ದರೂ ತಾನಾಗಿ ಸಿದ್ಧವಾಗುವುದಷ್ಟೆ. ಇಷ್ಟೇ ಅದರ ತಾತ್ಪರ್ಯ. ನಮ್ಮ ಮೀಮಾಂಸಕರು ಇದನ್ನು ಪರಿಸಂಖ್ಯೆಯೆಂದು ಕರೆದು, ಐದು ಉಗುರುಗಳುಳ್ಳ ಪ್ರಾಣಿಗಳಲ್ಲಿ ಇಂತಹ ಐದನ್ನು ತಿನ್ನಬಹುದೆಂದರೆ ಉಳಿದುವನ್ನು ತಿನ್ನಬಾರದೆಂದು ತಾತ್ಪರ್ಯ, ಎಂಬ ಉದಾಹರಣೆಯನ್ನು ಕೊಟ್ಟು ಸಾವಿರಾರು ವರ್ಷಗಳಿಂದ ಪಾಠಹೇಳುತ್ತ ಬಂದಿದ್ದಾರೆ. ಎರಡು ದೇಶಗಳ ಬುದ್ಧಿವಂತರು ಒಂದೇ ಯುಕ್ತಿಯನ್ನು ಕಂಡರೆಂಬುದು ಎಂತಹ ಆನಂದದ ಸಂಗತಿ! ಪಟ್ಟಿಯನ್ನು ಓದುವ ಹುಡುಗನಿಗೆ ಈ ಆನಂದವೂ ಇಲ್ಲ. ಕುತರ್ಕವೊಂದು ಮಾತ್ರ ಲಾಭ.

ಮೆರುಗಿಗಾಗಿ ಭಾಷಣದಲ್ಲಿ ಹೇಳಿದರೆ ಯಾರ ಗಂಟು ಹೋಗುವುದು, ಎಂದು ಕೆಲವರು ಕೇಳಬಹುದು. ಗಂಟೂ ಹೋಗುವುದುಂಟು. ನನ್ನ ನೆರೆಯ ರೈತರೊಬ್ಬರು ಒಂದು ಸಾಯಂಕಾಲ ಬಂದು, "ಮೇಷ್ಟ್ರೇ, ವಕೀಲರು ನನ್ನ ದಾವೆಗೆ ಏನೋ ರೇಸು ಜುಡಿಕಾಟ ಅಡ್ಡ ಬಂತು ಅಂದರು, ಅದು ಯಾವ ಇಲಾಖೆ?" ಎಂದು ಕೇಳಿದರು. ನನಗೆ ನಗುವೂ ಬಂದಿತು, ದುಃಖವೂ ಆಯಿತು. ಒಂದು ಬದುವಿನ ವಿಷಯವಾಗಿ ಅವರ ಅಣ್ಣತಮ್ಮಂದಿರ ನಡುವೆ ಮೊದಲೇ ತೀರ್ಪಾಗಿತ್ತು. ಅದೇ ಬದುವಿಗಾಗಿ ಅವರು ಮತ್ತೆ ದಾವೆಹೂಡಿ, ಎಮ್ಮೆಯನ್ನು ಮಾರಿದ ಹಣವನ್ನು ಖರ್ಚುಮಾಡಿದ್ದರು. 'ರೆಸ್ ಜುಡಿಕಾಟ' ಎಂದರೆ 'ತೀರ್ಪಾದ ವಿಷಯ'. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಪ್ರಕರಣದಲ್ಲಿ ಈ ತತ್ತ್ವವಿದೆ. ಇದನ್ನು ಯಾರಾದರೂ ಕನ್ನಡದಲ್ಲಿ ಮೊದಲೇ ಹೇಳಿದ್ದರೆ ಎಮ್ಮೆಯು ಕೊಟ್ಟಿಗೆಯಲ್ಲಿ ಉಳಿಯುತ್ತಿತ್ತು.

ಇದಕ್ಕೆ ನಮ್ಮಲ್ಲಿ ಮಾತಿಲ್ಲವೆಂದು ಹೇಳುವಂತೆಯೂ ಇಲ್ಲ. ವ್ಯವಹಾರದಲ್ಲಿ ಪ್ರತಿವಾದಿಯು ಕೊಡಬಹುದಾದ ನಾಲ್ಕು ಬಗೆಯ ಉತ್ತರಗಳಲ್ಲಿ 'ಪ್ರಾಙ್ನ್ಯಾಯ'ವೆಂಬುದೊಂದು: ಈ ವ್ಯಾಜ್ಯದಲ್ಲಿ ಇವನು ಮೊದಲೇ ಸೋತಿದ್ದಾನೆ, ಎಂದು ಹೇಳುವುದು. ಇದನ್ನು ವಿವರಿಸಿದ ಮಿತಾಕ್ಷರೆಯು ಎಲ್ಲಿ ಹುಟ್ಟಿತು? ರೋಮಿನಲ್ಲಲ್ಲ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ಲೇಖನಿಯಿಂದ. 1916ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನ ನ್ಯಾಯಾಧೀಶರೇ ಒಂದು ತೀರ್ಪಿನಲ್ಲಿ, ಈ ತತ್ತ್ವವು ಹಿಂದೂ ಧರ್ಮಶಾಸ್ತ್ರಕಾರರಿಗೂ ತಿಳಿದಿದ್ದಿತೆಂದು ವಿಜ್ಞಾನೇಶ್ವರನ ಹೆಸರನ್ನೆತ್ತಿ ಹೇಳಿದರು. ಸಮುದ್ರದಾಚೆಯವರು ಅವನನ್ನು ನೆನೆದರು. ಕನ್ನಡ ನಾಡಿನವರಾದ ನಾವು ನಮ್ಮ ರೈತನಿಗೆ 'ಜುಡಿಕಾಟ'ವನ್ನು ಕೊಟ್ಟೆವು!

'ಕೇವಿಯಟ್ ಎಂಪ್ಟರ್' ಎಂಬುದರ ಕಥೆಯೂ ಹೀಗೆಯೇ. 'ಕೊಳ್ಳುವವನು ಎಚ್ಚರವಾಗಿರಲಿ' ಎಂಬ ಈ ಮಾತು ಲ್ಯಾಟಿನ್ನಿನಲ್ಲಿದೆಯಾದ ಮಾತ್ರಕ್ಕೆ ರೋಮಿನ ನ್ಯಾಯವೆಂದು ತಿಳಿಯುವರು. ರೋಮಿನ ಸಂತೆಗಳ ಮೇಲೆ ಅಧಿಕಾರವಿದ್ದ ಈಡೈಲರೆಂಬ ಅಧಿಕಾರಿಗಳ ಶಾಸನವು ಇದಕ್ಕೆ ಬೇರೆಯೇ ಆಗಿದ್ದಿತು: ದಾಸರನ್ನೂ ದನಗಳನ್ನೂ ಮಾರುವವನು ಅವುಗಳ ರೋಗವನ್ನೂ ದೋಷವನ್ನೂ ಮೊದಲೇ ಹೇಳಬೇಕು, ಹೇಳದಿದ್ದರೆ ಕೊಂಡವನು ಆರು ತಿಂಗಳೊಳಗೆ ಹಿಂದಿರುಗಿಸಬಹುದು. ಎಚ್ಚರಿಕೆಯ ಹೊರೆಯೆಲ್ಲವನ್ನೂ ಕೊಳ್ಳುವವನ ತಲೆಗೆ ಕಟ್ಟಿದುದು ಬಹುಕಾಲದ ಮೇಲೆ ಇಂಗ್ಲೆಂಡಿನ ನ್ಯಾಯಪದ್ಧತಿ. ನಮ್ಮ ದೇಶದ 1930ರ ಸರಕು ಮಾರಾಟ ಅಧಿನಿಯಮವು ಕೂಡ ಅದಕ್ಕೆ ಹಲವು ಹೊರತುಗಳನ್ನು ಹೇಳಿದೆ. 1986ರ, ಅನಂತರ ಅದರ ಸ್ಥಾನದಲ್ಲಿ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮಗಳು ಕೊಳ್ಳುವವನ ಕೈಯನ್ನು ಮತ್ತಷ್ಟು ಬಲಪಡಿಸಿವೆ. ಇಷ್ಟಾಗಿಯೂ ಪಟ್ಟಿಯನ್ನು ನಂಬಿದ ಮನುಷ್ಯನು ಹಾಳು ಸರಕನ್ನು ಮನೆಗೆ ತಂದು, ತಪ್ಪು ತನ್ನದೇ ಎಂದು ಸುಮ್ಮನಾಗುವನು. ಸೂಕ್ತಿಯು ಅವನಿಗೆ ವಿವೇಕವನ್ನು ಕೊಡಲಿಲ್ಲ, ಹಕ್ಕನ್ನು ಮರೆಯಿಸಿತು.

ಸೂತ್ರಗಳ ಈ ಅಪಾಯವನ್ನು ರೋಮಕರೇ ಚೆನ್ನಾಗಿ ಅರಿತಿದ್ದರು. ಕ್ರಿ. ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಪ್ರಕಟಿಸಿದ ಡೈಜೆಸ್ಟ್ ಎಂಬ ಮಹಾಸಂಗ್ರಹದ ಐವತ್ತನೆಯ, ಎಂದರೆ ಕಡೆಯ, ಪುಸ್ತಕದಲ್ಲಿ ಪ್ರಾಚೀನ ನ್ಯಾಯಸೂತ್ರಗಳ ಒಂದು ಅಧಿಕರಣವಿದೆ. ಅದರಲ್ಲಿ 211 ಖಂಡಗಳು. ಅವುಗಳಲ್ಲಿ ಮೊಟ್ಟಮೊದಲನೆಯದು ಪೌಲಸನೆಂಬ ನ್ಯಾಯವಾದಿಯದು. ಸೂತ್ರದಿಂದ ನ್ಯಾಯವನ್ನು ತೆಗೆಯಬಾರದು, ನ್ಯಾಯದಿಂದ ಸೂತ್ರವನ್ನು ತೆಗೆಯಬೇಕು; ಯಾವುದಾದರೊಂದು ಕಡೆ ಹೊಂದದಿದ್ದರೆ ಸೂತ್ರವು ತನ್ನ ಕೆಲಸವನ್ನು ಕಳೆದುಕೊಳ್ಳುವುದು, ಎಂಬುದು ಅದರ ಸಾರ. ಸೂತ್ರಗಳ ಪಟ್ಟಿಯನ್ನು ಕೊಡುವುದಕ್ಕೆ ಮೊದಲು ಪಟ್ಟಿಯನ್ನು ನಂಬಬೇಡವೆಂದು ಹೇಳಿದ ಆ ಜನರ ಪ್ರಾಮಾಣಿಕತೆಯನ್ನು ನೋಡಿರಿ. ಅದೇ ಮಾರ್ಗದಲ್ಲಿ ನಡೆದವನು ಎರಾಸ್ಮಸ್. ಅವನು 1500ರಲ್ಲಿ 800ಕ್ಕೆ ಮಿಕ್ಕಿದ ಗಾದೆಗಳನ್ನು ಸಂಗ್ರಹಿಸಿ ಪ್ರಕಟಿಸಿದನು. 1536ರಲ್ಲಿ ಅವನು ಸಾಯುವ ವೇಳೆಗೆ ಅವು 4,000ವನ್ನು ದಾಟಿದ್ದುವು. ಪ್ರತಿಯೊಂದನ್ನೂ ಮೊದಲು ಹೇಳಿದವರಾರು, ಯಾವ ಸಂದರ್ಭದಲ್ಲಿ, ಗ್ರೀಕರಲ್ಲಿ ಅದರ ರೂಪವೇನು, ಎಂಬುದನ್ನು ಅವನು ಶೋಧಿಸಿ ಬರೆದನು. ಕೆಲವು ಗಾದೆಗಳ ಟಿಪ್ಪಣಿಯು ಸ್ವತಂತ್ರ ಗ್ರಂಥದಷ್ಟು ಬೆಳೆಯಿತು. ಇಂದಿನ ಪಟ್ಟಿಗಳು ಎರಾಸ್ಮಸನ ತೋಟದಿಂದ ಬಿದ್ದ ಎಲೆಗಳನ್ನು ಗುಡಿಸಿ ತಂದುವು. ಮರದ ಹೆಸರೂ ಅವುಗಳಿಗೆ ಗೊತ್ತಿಲ್ಲ.

ಇನ್ನು ಆಕ್ಷೇಪಗಳು. 'ನಿಮ್ಮ ಸಂಸ್ಕೃತದವರು ಮಾಡುವುದೂ ಇದನ್ನೇ ಅಲ್ಲವೆ?' ಎಂದು ಕೇಳುವವರುಂಟು. ಅಹುದು, ಇದನ್ನೇ. ಧರ್ಮಸಾಧನಗಳಲ್ಲಿ ಶರೀರವೇ ಮೊದಲನೆಯದೆಂಬ ಕಾಳಿದಾಸನ ಮಾತನ್ನು ಗರಡಿಮನೆಗಳ ಬಾಗಿಲಲ್ಲಿ ಬರೆಯುವರು. ಕುಮಾರಸಂಭವದಲ್ಲಿ ಅದನ್ನು ಹೇಳುವವನು ಬ್ರಹ್ಮಚಾರಿಯ ವೇಷದ ಶಿವನು. ಕಠಿನವಾದ ತಪಸ್ಸಿನಲ್ಲಿರುವ ಪಾರ್ವತಿಯನ್ನು, ದೇಹಶಕ್ತಿಗೆ ತಕ್ಕಂತೆ ತಪಸ್ಸು ನಡೆದಿದೆಯೆ ಎಂದು ವಿಚಾರಿಸುವ ಸಂದರ್ಭದಲ್ಲಿ. ಆ ವೇಷವನ್ನೂ ಆ ಕನಿಕರವನ್ನೂ ಆ ಪರೀಕ್ಷೆಯನ್ನೂ ಬಿಟ್ಟರೆ ಉಳಿಯುವುದು ಗರಡಿಯ ಫಲಕ ಮಾತ್ರ. ನಮ್ಮ ಮನೆಯಲ್ಲಿಯೂ ಕಸವಿದೆಯೆಂದು ಒಪ್ಪುತ್ತೇನೆ. ಆದರೆ ಅದು ನೆರೆಮನೆಯ ಕಸವನ್ನು ಹಣಕೊಟ್ಟು ತರುವುದಕ್ಕೆ ಕಾರಣವಾಗಲಾರದು.

'ಹಾಗಾದರೆ ಲ್ಯಾಟಿನ್ನನ್ನು ಬಿಟ್ಟೇಬಿಡೋಣ. ಕನ್ನಡದ ಗಾದೆಗಳು ಸಾಲವೆ?' ಎಂಬವರಿಗೂ ನಾನು ಒಪ್ಪುವವನಲ್ಲ. ನೇರವಾಗಿ ತಂದರೆ ಲ್ಯಾಟಿನ್ನು ಕನ್ನಡಕ್ಕೆ ಇಂಗ್ಲಿಷಿಗಿಂತ ಸೊಗಸಾಗಿ ಒಗ್ಗುತ್ತದೆ. 'ಹೋಮೋ ಹೋಮಿನಿ ಲುಪಸ್' ಎಂಬುದು ಮೂರೇ ಪದ: ಪ್ರಥಮಾ, ಚತುರ್ಥೀ, ಪ್ರಥಮಾ. 'ಮನುಷ್ಯನು ಮನುಷ್ಯನಿಗೆ ತೋಳ' ಎಂದರೆ ಕನ್ನಡದಲ್ಲಿಯೂ ಮೂರೇ ಪದ, ಅದೇ ವಿಭಕ್ತಿ, ಅದೇ ಕ್ರಮ. ಕ್ರಿಯಾಪದದ ಹಂಗು ಎರಡಕ್ಕೂ ಇಲ್ಲ. ಇಂಗ್ಲಿಷಿಗಾದರೋ ಊರುಗೋಲುಗಳು ಬೇಕು. ಇದರ ಸಂದರ್ಭವನ್ನೂ ಹೇಳಿಬಿಡುವೆನು: ಪ್ಲಾಟಸನ ಕತ್ತೆಗಳ ನಾಟಕದಲ್ಲಿ ವರ್ತಕನೊಬ್ಬನು ಗುರುತಿಲ್ಲದವನ ಕೈಗೆ ಹಣವನ್ನು ಕೊಡಲೊಲ್ಲದೆ, ಪರಿಚಯವಿಲ್ಲದಿರುವಾಗ ಮನುಷ್ಯನು ಮನುಷ್ಯನಿಗೆ ತೋಳವೆಂದು ಹೇಳುತ್ತಾನೆ. ಮಾನವಜಾತಿಯನ್ನೇ ಶಪಿಸುವ ಮಾತಲ್ಲ, ವ್ಯಾಪಾರಿಯ ಜಾಗರೂಕತೆ. 'ವೆರ್ಬಾ ವೊಲಾಂಟ್, ಸ್ಕ್ರಿಪ್ಟಾ ಮಾನೆಂಟ್' ಎಂಬುದೂ 'ಆಡಿದ್ದು ಹಾರುವುದು, ಬರೆದದ್ದು ನಿಲ್ಲುವುದು' ಎಂದು ನಮ್ಮ ಅಜ್ಜಿಯರ ಬಾಯಿಂದ ಬಂದಂತೆ ಬರುತ್ತದೆ.

ಆದುದರಿಂದ ನನ್ನ ಪ್ರತಿಸೂಚನೆಯು ಇಷ್ಟು. ಇನ್ನೂರು ಬೇಡ, ಇಪ್ಪತ್ತು ಸಾಕು. ಒಂದೊಂದಕ್ಕೂ ಒಂದೊಂದು ಪುಟವಿರಲಿ: ಲ್ಯಾಟಿನ್ ಮೂಲ, ಪದವಿಭಾಗ, ಹೇಳಿದವನು, ಹೇಳಿದ ಸಂದರ್ಭ, ನೇರವಾದ ಕನ್ನಡ, ನಮ್ಮಲ್ಲಿ ಅದಕ್ಕೆ ಸಮನಾದ ನ್ಯಾಯವೋ ಗಾದೆಯೋ ಇದ್ದರೆ ಅದು. ನ್ಯಾಯಾಲಯದಲ್ಲಿ ಕಿವಿಗೆ ಬೀಳುವ ಹತ್ತು ಸೂತ್ರಗಳು ಮೊದಲು ಬರಲಿ. ಅವುಗಳಿಗಾಗಿ ನಮ್ಮ ಸಂಘದ ವಕೀಲ ಮಿತ್ರರು ಒಂದು ವಾರದ ಸಂಜೆಗಳನ್ನು ದಾನಮಾಡಲಿ. ನಮ್ಮ ನಾಡಿನ ಕ್ರೈಸ್ತ ಪಾದ್ರಿಗಳಲ್ಲಿ ಲ್ಯಾಟಿನ್ನನ್ನು ಕ್ರಮವಾಗಿ ಕಲಿತವರಿದ್ದಾರೆ. ಅಂಥವರೊಬ್ಬರಿಗೆ ಹಸ್ತಪ್ರತಿಯನ್ನು ತೋರಿಸದೆ ಅಚ್ಚಿಗೆ ಕಳುಹಬಾರದು. ಕರಡನ್ನು ಬರೆಯುವ ಮತ್ತು ಮೂಲಗಳನ್ನು ಹುಡುಕುವ ಶ್ರಮವನ್ನು, ಅನುಮತಿಯಾದರೆ, ನಾನೇ ವಹಿಸುವೆನು. ಸೂಚನೆಯನ್ನು ತಂದ ಮಿತ್ರರ ಉತ್ಸಾಹವು ದೊಡ್ಡದು. ಅದು ವ್ಯರ್ಥವಾಗಬಾರದೆಂದೇ ಇಷ್ಟು ನಿಷ್ಠುರವಾಗಿ ಬರೆದೆ.

ಆ ಪುಸ್ತಕದ ಮೊದಲನೆಯ ಪುಟದಲ್ಲಿ ಜುವೆನಲ್ಲನ ಮಾತು ಬರಬೇಕೆಂದು ನನ್ನ ಆಸೆ, 'ಇರಲಿ' ಎಂಬ ಕ್ರಿಯಾಪದದೊಡನೆ. ನಾನು ಗೋಡೆಯ ಮೇಲೆ ಬರೆಯಿಸಿದ ಆ ಬರೆಹವು ಸುಣ್ಣದ ಕೆಳಗೆ ಎಂದೋ ಮುಚ್ಚಿಹೋಗಿದೆ. ಅದನ್ನು ಓದಿದ ಹುಡುಗನು ಈಗ ನಡುವಯಸ್ಸಿನವನು, ಎಲ್ಲಿರುವನೋ ತಿಳಿಯದು. ಅವನ ಮಕ್ಕಳಾದರೂ ತಂದೆಯ ಪ್ರಶ್ನೆಗೆ ಮೇಷ್ಟರು ಕೊಡಬೇಕಾಗಿದ್ದ ಉತ್ತರವನ್ನು ನಮ್ಮ ಸಂಘದ ಪುಸ್ತಕದಲ್ಲಿ ಓದಲಿ. ಅಲಮತಿವಿಸ್ತರೇಣ.